ಎದುರಾಳಿ ಇಲ್ಲದ ವರ್ಷ

ಪಾವಗಡ, ೧೮ ಜೂನ್ ೧೯೭೯, ಸೋಮವಾರ

ಇವತ್ತು ಡ್ಯೂಟಿಗೆ ಹಾಜರಾದೆ. ಹೆಡ್‌ಮಾಸ್ಟರ್ ಮರುಳಸಿದ್ದಯ್ಯನವರು ರಿಜಿಸ್ಟರಿನಲ್ಲಿ ನನ್ನ ಹೆಸರು ಬರೆದುಕೊಂಡರು: ಚಿಕ್ಕಹನುಮಕ್ಕ, ದೈಹಿಕ ಶಿಕ್ಷಕಿ. ಹುಡುಗಿಯರಿಗೆ ಥ್ರೋಬಾಲ್, ಖೋಖೋ, ಆಗಸ್ಟ್ ಹದಿನೈದಕ್ಕೆ ಲೇಜಿಮ್, ಇಷ್ಟು ಮಾಡಿಸಿದರೆ ಸಾಕು ಅಂದರು. ಎರಡು ವರ್ಷ ರಾಜ್ಯದ ಮಹಿಳಾ ಫುಟ್‌ಬಾಲ್ ಟೀಮಿನಲ್ಲಿ ರೈಟ್ ಹಾಫ್ ಆಡಿದವಳು ಅಂತ ನನ್ನ ಅರ್ಜಿಯಲ್ಲೇ ಇದೆ. ಅದನ್ನು ಓದಿ ಒಂದು ಸಲ ನನ್ನ ಕಾಲಿನ ಕಡೆ ನೋಡಿದರು. ಸ್ಕೂಲಿನ ಮೈದಾನ ಅಂದರೆ ಬಾವಿ ಪಕ್ಕದ ಒಂದು ತುಂಡು ಜಾಗ. ಇಲ್ಲಿ ಕಾರ್ನರ್ ಒದ್ದರೆ ಚೆಂಡು ಬಾವಿಗೇ.

ಕೊಲ್ಲಾಪುರಮ್ಮ ಅನ್ನುವವರ ಮನೆಯ ಹೊರಕೋಣೆ ಸಿಕ್ಕಿದೆ. ಬೀದಿಗೆ ಬೇರೆ ಬಾಗಿಲು. ಆಕೆ ವಿಧವೆ, ಒಬ್ಬರೇ ಇದ್ದಾರೆ. ಜಗುಲಿಯಲ್ಲಿ ಕಡಲೆಕಾಯಿ ಸುಲಿಯುತ್ತಾ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ನಾವು ಯಾವ ಜನ ಅಂತ ಕೇಳಿದರು. ಮುಚ್ಚಿಡದೆ ಹೇಳಿದೆ. ಇನ್ನೊಂದು ಹಿಡಿ ಕಡಲೆಕಾಯಿ ಸುಲಿದು, "ಟೀಚರಮ್ಮ ಅಂದ್ರೆ ಟೀಚರಮ್ಮನೇ ಬುಡು" ಅಂದು ಬೀಗದ ಕೈಯನ್ನು ಜಗುಲಿಯ ಅಂಚಿಗೆ ಇಟ್ಟರು. ನಾನು ಎತ್ತಿಕೊಂಡೆ.

ಡಿಸೆಂಬರಿನಲ್ಲಿ ನಮ್ಮ ಟೂರ್ನಮೆಂಟ್. ಅಲ್ಲಿವರೆಗೆ ಮೈ ಕಾಪಾಡಿಕೊಂಡರೆ ಆಯಿತು. ಬೆಂಗಳೂರು ಬಿಡುವಾಗ ನಮ್ಮ ಟೀಮಿನ ಸ್ಟೆಲ್ಲಾ ತನ್ನ ಹಳೇ ಚರ್ಮದ ಚೆಂಡು ಕೊಟ್ಟಿದ್ದಾಳೆ. ನಾವು ಈ ಸಲ ಗೆದ್ದೇ ಗೆಲ್ಲುತ್ತೇವೆ.

೧ ಜುಲೈ, ಭಾನುವಾರ

ಬೆಳಕು ಹರಿಯುವ ಮುಂಚೆ ಎದ್ದು ಬೆಟ್ಟದ ಕಡೆಗೆ ಓಡಿದೆ. ಚಡ್ಡಿ ಹಾಕಿಕೊಂಡು ಓಡುವುದು ಈ ಊರಲ್ಲಿ ಆಗದ ಮಾತು. ಪೈಜಾಮದ ಮೇಲೆ ಅಣ್ಣನ ಹಳೇ ಶರಟು, ಕಾಲಿಗೆ ಕ್ಯಾನ್ವಾಸ್ ಷೂ. ಕೋಟೆ ಬಾಗಿಲು ಮುಟ್ಟಿ ಬಂದರೂ ಏದುಸಿರು ಹತ್ತಲಿಲ್ಲ.

ವಾಪಸು ಬರುವಾಗ ಚೊಂಬು ಹಿಡಿದ ಗಂಡಸರು ಸಾಲಾಗಿ ಎದುರಾದರು. ಒಬ್ಬ ನಿಂತು, "ಎವರು ತರುಮುತುನ್ನಾರಮ್ಮಾ?" ಅಂದ. ಯಾರು ಅಟ್ಟಿಸಿಕೊಂಡು ಬರ್ತಾವ್ರೆ ಅಂತ. ಉಳಿದವರು ನಕ್ಕರು. ನಾನು ರಸ್ತೆಯಿಂದ ಇಳಿದು ಜಾಲಿ ಗಿಡದ ಹತ್ತಿರ ಅವರು ದಾಟುವವರೆಗೆ ನಿಂತಿದ್ದು, ಆಮೇಲೆ ಓಡಿದೆ. ನಾಳೆಯಿಂದ ಇನ್ನೂ ಬೇಗ ಏಳಬೇಕು.

೧೫ ಜುಲೈ, ಭಾನುವಾರ

ಮುಚ್ಚಿಹೋಗಿರುವ ಎಣ್ಣೆ ಮಿಲ್ಲಿನ ಹಿಂದೆ ಒಂದು ಎತ್ತರದ ಕಲ್ಲುಗೋಡೆ ಕಂಡೆ. ಅಲ್ಲಿ ಯಾರೂ ಬರುವುದಿಲ್ಲ. ಸಂಜೆ ಚೆಂಡು ಒಯ್ದು ಎಡಗಾಲು, ಬಲಗಾಲು ಎರಡರಲ್ಲೂ ಒದ್ದೆ. ಗೋಡೆಯಷ್ಟು ಒಳ್ಳೆಯ ಜೊತೆಯಿಲ್ಲ. ಹೇಗೆ ಕೊಟ್ಟರೆ ಹಾಗೇ ತಿರುಗಿಸಿ ಕೊಡುತ್ತದೆ.

ಬೀದಿ ನಲ್ಲಿಯಲ್ಲಿ ಎಲ್ಲರದೂ ಆದ ಮೇಲೆ ನೀರು ಹಿಡಿಯುತ್ತಿದ್ದೇನೆ. ಹಾಗೆ ಮಾಡು ಅಂತ ಯಾರೂ ಹೇಳಿಲ್ಲ. ಸುಮ್ಮನೆ ಯಾಕೆ ಮಾತು.

೭ ಅಕ್ಟೋಬರ್, ಭಾನುವಾರ

ನಮ್ಮ ಕೋಚ್ ಮಹಾಲಿಂಗಯ್ಯ ಸರ್ ಕಾರ್ಡು ಬರೆದಿದ್ದಾರೆ. ಈ ವರ್ಷ ಟೂರ್ನಮೆಂಟ್ ಇಲ್ಲವಂತೆ. ನಡೆಸುತ್ತೇವೆ ಅಂದಿದ್ದ ಊರಿನವರು ಕೈ ಚೆಲ್ಲಿದ್ದಾರೆ. ಮುಂದಿನ ವರ್ಷ ನೋಡೋಣ, ಅಲ್ಲಿವರೆಗೆ ಹುಡುಗಿಯರೆಲ್ಲ ಭಾನುವಾರ ಬೆಂಗಳೂರಲ್ಲಿ ಸೇರಿ ಎರಡು ಪಾಲಾಗಿ ಆಡುತ್ತಿದ್ದಾರೆ, ನೀನೂ ಬಂದು ಆಡಿ ಹೋಗು ಅಂತ.

ಹೋಗಬೇಕಾದರೆ ಶನಿವಾರ ಬೆಳಗಿನ ಕ್ಲಾಸು ಮುಗಿಯುವ ಮುಂಚೆಯೇ ಬಸ್ಸು ಹಿಡಿಯಬೇಕು. ಹೆಡ್‌ಮಾಸ್ಟರನ್ನು ಕೇಳಬೇಕು. ಕೇಳಿದರೆ ಇಲ್ಲ ಅನ್ನುತ್ತಾರೋ ಏನೋ. ನಿನ್ನೆ ಆಫೀಸಿನ ಬಾಗಿಲವರೆಗೆ ಹೋಗಿ ಬಂದೆ. ಅವರ ಹತ್ತಿರ ಯಾರೋ ಕೂತಿದ್ದರು. ಇರಲಿ. ನನಗೆ ಗೋಡೆ ಇದೆ, ಬೆಟ್ಟ ಇದೆ.

೧೮ ನವೆಂಬರ್

ಓಡಲಿಲ್ಲ. ಚಳಿ.

೨೫ ನವೆಂಬರ್

ಇವತ್ತೂ ಇಲ್ಲ. ಮಧ್ಯಾಹ್ನ ಮಲಗಿ ಎದ್ದಾಗ ಹೊತ್ತು ಮುಳುಗುತ್ತಿತ್ತು. ಸುಮ್ಮನೆ ಚೆಂಡು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಅದರ ಗಾಳಿ ಸ್ವಲ್ಪ ಇಳಿದಿದೆ. ಪೈಜಾಮ ಸೊಂಟಕ್ಕೆ ಬಿಗಿ.

೮ ಜನವರಿ ೧೯೮೦, ಮಂಗಳವಾರ

ಎಲೆಕ್ಷನ್ ಡ್ಯೂಟಿ ಮುಗಿಯಿತು. ಆಂಧ್ರದ ಗಡಿಯ ಹತ್ತಿರ ಒಂದು ಗೊಲ್ಲರಹಟ್ಟಿಯ ಸ್ಕೂಲಿನಲ್ಲಿ ಬೂತು. ನನಗೆ ಹೆಂಗಸರ ಬೆರಳಿಗೆ ಶಾಯಿ ಹಚ್ಚುವ ಕೆಲಸ ಕೊಟ್ಟಿದ್ದರು. ಬೆಳಗಿನಿಂದ ಸಂಜೆವರೆಗೆ ಒಂದೊಂದೇ ಕೈ ಹಿಡಿದು ಹಚ್ಚಿದೆ. ಕೆಲವರದು ಒರಟು, ಕೆಲವರದು ತಣ್ಣಗೆ. ಜುಂಜಮ್ಮ ಅಂತ ಒಬ್ಬ ಅಜ್ಜಿ, ನನ್ನ ಕೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡು, ನೋಯ್ತದಾ ಅಂತ ಕೇಳಿದಳು. ಇಲ್ಲಜ್ಜಿ ಅಂದೆ. ಆದರೂ ಬಿಡಲಿಲ್ಲ.

ಈ ಊರಿಗೆ ಬಂದ ಮೇಲೆ ಇಷ್ಟೊಂದು ಜನರನ್ನು ಮುಟ್ಟಿದ್ದು ಅವತ್ತೇ ಇರಬೇಕು.

೧೬ ಫೆಬ್ರವರಿ, ಶನಿವಾರ

ಇವತ್ತು ಸೂರ್ಯಗ್ರಹಣ. ವಾರದಿಂದ ಊರಲ್ಲಿ ಬೇರೆ ಮಾತಿಲ್ಲ. ಯಾರೂ ಆಚೆ ಬರಬಾರದು, ನೋಡಿದರೆ ಕಣ್ಣು ಹೋಗುತ್ತದೆ ಅಂತ ರೇಡಿಯೋದಲ್ಲೂ ಹೇಳಿದರು. ಸ್ಕೂಲಿಗೆ ರಜ. ಮಧ್ಯಾಹ್ನ ಕೊಲ್ಲಾಪುರಮ್ಮ ನೀರಿನ ಹಂಡೆಗೆ ದರ್ಭೆ ಹಾಕಿ, ಕಿಟಕಿ ಸಂದಿಗೆ ಬಟ್ಟೆ ತುರುಕಿ, ನನ್ನ ಬಾಗಿಲನ್ನೂ ಹಾಕಿಕೋ ಅಂತ ಕೂಗಿ ಹೇಳಿ ಒಳಗೆ ಸೇರಿದರು.

ಸ್ವಲ್ಪ ಹೊತ್ತು ಕೋಣೆಯಲ್ಲಿ ಕೂತಿದ್ದೆ. ಬೀದಿಯಲ್ಲಿ ಒಂದು ಸದ್ದಿಲ್ಲ. ಬಾಗಿಲು ಅಷ್ಟೇ ಅಷ್ಟು ತೆಗೆದು ನೋಡಿದೆ. ಬೀದಿಗೆ ಬೀದಿಯೇ ಖಾಲಿ. ಬಿಸಿಲು ಮಂಕಾಗಿ ಹಿತ್ತಾಳೆ ಬಣ್ಣಕ್ಕೆ ತಿರುಗಿತ್ತು. ಎದುರಿನ ಹೊಂಗೆ ಮರದ ಕೆಳಗೆ ನೆರಳಿನ ತುಂಬ ಸಣ್ಣ ಸಣ್ಣ ಬೆಳಕಿನ ಕುಡುಗೋಲುಗಳು ಬಿದ್ದಿದ್ದವು. ನನಗೆ ಏನನ್ನಿಸಿತೋ, ಚೆಂಡು ತೆಗೆದುಕೊಂಡು ಬರಿಗಾಲಲ್ಲಿ ಆಚೆ ಬಂದೆ. ತಲೆ ಎತ್ತದಿದ್ದರೆ ಆಯಿತಲ್ಲ, ಚೆಂಡು ಆಡುವವಳು ನೆಲವನ್ನೇ ನೋಡುವುದು.

ಮೊದಲು ಮೆಲ್ಲಗೆ ಒದ್ದುಕೊಂಡು ನಲ್ಲಿಯವರೆಗೆ ಹೋದೆ. ಆಮೇಲೆ ಪೇಟೆ ಬೀದಿಗೆ ಬಂದೆ. ಅಂಗಡಿಗಳ ಬಾಗಿಲೆಲ್ಲ ಹಾಕಿತ್ತು. ನಡು ರಸ್ತೆಯಲ್ಲಿ ಚೆಂಡು ಕಾಲಿಗಂಟಿಸಿಕೊಂಡು ಓಡಿದೆ. ಬಸ್ ಸ್ಟ್ಯಾಂಡು, ಹೋಟೆಲು, ತಾಲ್ಲೂಕು ಕಚೇರಿ, ಎಲ್ಲೂ ಯಾರೂ ಇಲ್ಲ, ಯಾರಿಗೂ ನಿಲ್ಲಬೇಕಾಗಿಲ್ಲ. ಚಳಿ ಹತ್ತಿತು. ಹಕ್ಕಿಗಳು ಗೂಡಿಗೆ ಹೊರಟವು. ಒಂದು ನಾಯಿ ಮಾತ್ರ ಎದ್ದು ಜೊತೆಗೆ ಬಂತು. ಅದನ್ನೇ ಎದುರಾಳಿ ಮಾಡಿಕೊಂಡು ಎಡಕ್ಕೆ ತೋರಿಸಿ ಬಲಕ್ಕೆ ಹೋದೆ. ಅದಕ್ಕೆ ಆಟ ಬೇಕಾಗಿರಲಿಲ್ಲ. ಸುಮ್ಮನೆ ನಿಂತು ನೋಡಿತು.

ಬೆಳಕು ತಿರುಗಿ ಬರುವಷ್ಟರಲ್ಲಿ ಕೋಣೆ ಸೇರಿ ಬಾಗಿಲು ಹಾಕಿಕೊಂಡೆ. ಎದೆ ಹೊಡೆದುಕೊಳ್ಳುತ್ತಿತ್ತು. ಇಷ್ಟು ಖುಷಿಯಾಗಿ ಆಡಿ ಎಷ್ಟು ಕಾಲವಾಗಿತ್ತೋ. ಯಾರಿಗಾದರೂ ಹೇಳಬೇಕು ಅನ್ನಿಸಿತು.

೧೮ ಫೆಬ್ರವರಿ, ಸೋಮವಾರ

ಚೆಂಡಿನ ಸದ್ದು ಊರಿಗೆಲ್ಲ ಕೇಳಿಸಿದೆ. ಯಾರೋ ಸಂದಿಯಿಂದ ನೋಡಿಯೂ ಇದ್ದಾರೆ. ಹೆಡ್‌ಮಾಸ್ಟರ್ ಬೈಯಲಿಲ್ಲ. ಹೆಣ್ಣುಮಕ್ಕಳ ಸ್ಕೂಲು, ಊರಿನವರನ್ನು ಹೊಂದಿಸಿಕೊಂಡು ಹೋಗಬೇಕು, ಚೆಂಡನ್ನು ಬೀದಿಗೆ ತರಬೇಡಿ ಅಂತ ಮೆತ್ತಗೆ ಹೇಳಿದರು. ಆಗಲಿ ಸಾರ್ ಅಂದೆ.

ಕೊಲ್ಲಾಪುರಮ್ಮ ಈ ಎರಡು ದಿನ ಮಾತಾಡಿಲ್ಲ. ಚೆಂಡನ್ನು ಟ್ರಂಕಿನ ಒಳಗೆ ಸೀರೆಗಳ ಕೆಳಗೆ ಇಟ್ಟೆ.

ಪುರವರ, ೧೧ ಮೇ, ಭಾನುವಾರ

ಬೇಸಿಗೆ ರಜಕ್ಕೆ ಊರಿಗೆ ಬಂದು ತುಂಬ ದಿನವಾಯಿತು. ಬರೆಯುವಂಥದ್ದೇನೂ ಇಲ್ಲ. ಅಪ್ಪ ರಸ್ತೆ ರಿಪೇರಿಯ ಗ್ಯಾಂಗಿನಲ್ಲಿ ಕೊರಟಗೆರೆ ಕಡೆ ಟಾರು ಹಾಕಲು ಹೋಗಿ ಹೊತ್ತು ಮುಳುಗುವಾಗ ಬರುತ್ತಾನೆ. ಕಾಲಿಗೆಲ್ಲ ಟಾರು. ಅವ್ವ ತೀರಿಕೊಂಡ ಮೇಲೆ ಅಪ್ಪನಿಗೂ ನನಗೂ ಮಾತು ಕಡಿಮೆ. ಊಟಕ್ಕೆ ಕೂತಾಗ, "ಆ ಆಟ ಇನ್ನಾ ಐತಾ?" ಅಂತ ಕೇಳಿದ. ಐತೆ ಅಂದೆ. ಆಮೇಲೆ ಬಹಳ ಹೊತ್ತು ಯೋಚಿಸಿದೆ, ಐತೆ ಅಂದದ್ದು ಸರಿಯೋ ತಪ್ಪೋ.

ಪಾವಗಡ, ೬ ಜುಲೈ, ಭಾನುವಾರ

ಮಹಾಲಿಂಗಯ್ಯ ಸರ್ ಕಾರ್ಡು! ಸೆಪ್ಟೆಂಬರಿನಲ್ಲಿ ಎರಡು ದಿನದ ಸೆಲೆಕ್ಷನ್. ಅದೂ ಬೆಂಗಳೂರಲ್ಲಿ ಅಲ್ಲ, ಮಧುಗಿರಿಯಲ್ಲಿ. ಸರ್ ಹುಟ್ಟಿದ ಊರು ಅದು. ಹೆಣ್ಣುಮಕ್ಕಳೂ ಈ ಆಟ ಆಡುತ್ತಾರೆ ಅಂತ ತಮ್ಮ ಊರಿನವರು ಕಣ್ಣಾರೆ ನೋಡಲಿ ಅಂತ ಅವರಿಗೆ ಆಸೆ. ಆಯ್ಕೆಯಾದವರು ಡಿಸೆಂಬರಿನ ಟೂರ್ನಮೆಂಟಿಗೆ.

ಕೂಡಲೇ ಟ್ರಂಕಿನಿಂದ ಚೆಂಡು ತೆಗೆದು, ಷೂ ಹುಡುಕಿದೆ. ಒಂದರ ಒಳಗೆ ಜೇಡ ಗೂಡು ಕಟ್ಟಿತ್ತು.

೧೦ ಆಗಸ್ಟ್, ಭಾನುವಾರ

ಈಗ ದಿನಾ ಬೆಟ್ಟ ಹತ್ತುತ್ತಿದ್ದೇನೆ. ಶುರುವಿನಲ್ಲಿ ಅರ್ಧಕ್ಕೇ ಕೂತುಬಿಡುತ್ತಿದ್ದೆ. ಇವತ್ತು ಕೋಟೆಯ ಮೇಲಿನವರೆಗೂ ನಿಲ್ಲದೆ ಹೋದೆ. ಮೇಲಿನಿಂದ ನೋಡಿದರೆ ಕಡಲೆಕಾಯಿ ಹೊಲಗಳು, ಬೋಳು ಬಂಡೆಗಳು, ಆಂಧ್ರದ ಕಡೆ ಹೋಗುವ ಒಂದು ಬಸ್ಸು. ಯಾರೂ ಇಲ್ಲ. ಸುಸ್ತೇ ಆಗಲಿಲ್ಲ. ಪೈಜಾಮ ಸಡಿಲವಾಗಿದೆ. ಕಳೆದ ವರ್ಷಕ್ಕಿಂತ ಈಗಲೇ ಮೈ ಗಟ್ಟಿಯಿದೆ ಅನ್ನಿಸುತ್ತದೆ. ಗೋಡೆಗೆ ಒದ್ದ ಚೆಂಡು ಹತ್ತಕ್ಕೆ ಹತ್ತು ನೇರ ಕಾಲಿಗೇ ಬರುತ್ತಿದೆ.

ಇಳಿಯುವಾಗ ಆಡು ಮೇಯಿಸುವವನೊಬ್ಬ ಮೇಲೆ ಬರುತ್ತಿದ್ದ. ಮೆಟ್ಟಿಲು ಕಿರಿದು. ಬಂಡೆಗೆ ಒರಗಿ ನಿಂತು ಅವನ ಆಡುಗಳಿಗೆಲ್ಲ ಜಾಗ ಬಿಟ್ಟು ಆಮೇಲೆ ಇಳಿದೆ.

ಮಧುಗಿರಿ, ೨೦ ಸೆಪ್ಟೆಂಬರ್, ಶನಿವಾರ

ಸ್ಕೂಲಿನ ಹಾಲಿನಲ್ಲಿ ಎಲ್ಲರೂ ಸಾಲಾಗಿ ಚಾಪೆ ಹಾಕಿಕೊಂಡಿದ್ದೇವೆ. ಸ್ಟೆಲ್ಲಾ ನನ್ನನ್ನು ನೋಡಿದ ಕೂಡಲೇ ಓಡಿ ಬಂದು ತಬ್ಬಿಕೊಂಡಳು. ನಾನು ಕೈ ಎಲ್ಲಿ ಇಡಬೇಕು ಅಂತ ತಿಳಿಯದೆ ಹಾಗೇ ನಿಂತಿದ್ದೆ. ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ. ಒಬ್ಬರು ಮುಗಿಸಲಿ ಅಂತ ಕಾಯುತ್ತಿದ್ದರೆ ನನ್ನ ಸರದಿ ಬರುವುದೇ ಇಲ್ಲ.

ಬೆಳಿಗ್ಗೆ ದೊಡ್ಡ ಓಟ. ಬೆಟ್ಟದ ಬುಡದ ರಸ್ತೆಯಲ್ಲಿ ಹೋಗಿ ಬರುವುದು. ನಾನೇ ಮೊದಲು ಬಂದೆ. ಸ್ಟೆಲ್ಲಾ ಏದುಸಿರು ಬಿಡುತ್ತಾ, "ಹನು, ನೀನು ಆ ಊರಲ್ಲಿ ಏನು ತಿಂತೀಯ?" ಅಂತ ಕೇಳಿದಳು. ಮುದ್ದೆ ಅಂದೆ.

ಮಧ್ಯಾಹ್ನದ ಮೇಲೆ ಸಣ್ಣ ಓಟ. ಸುಣ್ಣದ ಗೆರೆಯಿಂದ ಗೆರೆಗೆ ಬಾಣದ ಹಾಗೆ ಹೋಗಿ, ತಿರುಗಿ, ಮತ್ತೆ ಬಂದು, ಒಂದು ಗುಟುಕು ಉಸಿರು ತೆಗೆದುಕೊಂಡು ಮತ್ತೆ ಹೋಗುವುದು. ಮೊದಲ ಸಲ ಸರಿಯಾಗಿಯೇ ಹೋದೆ. ಎರಡನೇ ಸಲ ತಿರುಗುವಾಗ ಕಾಲು ನನ್ನ ಮಾತು ಕೇಳದೆ ಅಗಲಕ್ಕೆ ಜಾರಿತು. ಆಮೇಲೆ ತೊಡೆಗಳು ನೆಂದ ಗೋಣಿಚೀಲ. ಹೊಸದಾಗಿ ಬಂದ ಸಣ್ಣ ಹುಡುಗಿಯರೆಲ್ಲ ನನಗಿಂತ ಮುಂದೆ. ಕೊನೆಗೆ ನಾನೊಬ್ಬಳೇ ಮೈದಾನದ ನಡುವೆ ಉಳಿದಿದ್ದೆ. ಎಲ್ಲರೂ ಗೆರೆಯ ಆಚೆ ನಿಂತು ಕಾಯುತ್ತಿದ್ದರು.

ಸರ್ ಪಕ್ಕಕ್ಕೆ ಕರೆದರು. ದೂರ ಓಡುವ ಉಸಿರು ಚೆನ್ನಾಗಿ ಉಳಿಸಿಕೊಂಡಿದ್ದೀಯ, ನಿಂತಲ್ಲಿಂದ ಚಿಮ್ಮುವುದು, ಚಿಮ್ಮಿ ಮತ್ತೆ ಚಿಮ್ಮುವುದು ಹೋಗಿದೆ ಅಂದರು. ನಾನು ದಿನಾ ಬೆಟ್ಟ ಹತ್ತಿದೆ ಸಾರ್ ಅಂದೆ. "ಬೆಟ್ಟ ನಿಂತಲ್ಲೇ ನಿಂತಿರುತ್ತೆ ಕಣಮ್ಮ. ಅದು ನಿನ್ನ ಕಾಲಿಂದ ಚೆಂಡು ಕಸಿಯಕ್ಕೆ ಬರಲ್ಲ."

ನಾಳೆ ನಮ್ಮನ್ನೇ ಎರಡು ಟೀಮು ಮಾಡಿ ಮ್ಯಾಚು. ಅಪ್ಪನೂ ಬರುತ್ತಾನಂತೆ, ಪುರವರದ ಬಸ್ಸಿನವರ ಹತ್ತಿರ ಹೇಳಿಕಳಿಸಿದ್ದಾನೆ. ನಾನು ಆಡುವುದನ್ನು ಅಪ್ಪ ಯಾವತ್ತೂ ನೋಡಿಲ್ಲ.

೨೧ ಸೆಪ್ಟೆಂಬರ್, ಭಾನುವಾರ

ಕಾಲು ಚಾಚಿಕೊಂಡು ಬರೆಯುತ್ತಿದ್ದೇನೆ. ಎಲ್ಲವನ್ನೂ ಬರೆದುಬಿಡಬೇಕು.

ಜನ ಬಹಳ ಸೇರಿದ್ದರು. ಬೆಟ್ಟದ ಬಂಡೆಯ ಮೇಲೂ ಕೂತಿದ್ದರು. ಚಡ್ಡಿ ಹಾಕಿಕೊಂಡು ಮೈದಾನಕ್ಕೆ ಇಳಿದಾಗ ಶಿಳ್ಳೆ, ನಗು. ಒಂದು ಗಳಿಗೆ ಹಿಂದಕ್ಕೆ ಹೋಗಿಬಿಡೋಣ ಅನ್ನಿಸಿತು. ಅಪ್ಪ ಬಿಳಿ ಪಂಚೆ ಉಟ್ಟು ಜನರ ಹಿಂದೆ, ಒಂದು ಬೇವಿನ ಮರದ ಕೆಳಗೆ ನಿಂತಿದ್ದ.

ಸ್ಟೆಲ್ಲಾ ಎದುರು ಟೀಮಿನಲ್ಲಿ, ನನ್ನ ಕಡೆಯ ಅಂಚಿನಲ್ಲಿ. ಅವಳನ್ನು ತಡೆಯುವುದೇ ನನ್ನ ಕೆಲಸ. ಅವಳು ಎಲ್ಲಿಂದ ಬರುತ್ತಾಳೆ ಅಂತ ನನಗೆ ಮೊದಲಿನ ಹಾಗೇ ಗೊತ್ತಾಗುತ್ತಿತ್ತು. ಹೋಗಿ ಎದುರಿಗೆ ನಿಲ್ಲುತ್ತಿದ್ದೆ. ಅವಳು ಭುಜ ಮುಂದೆ ಮಾಡಿಕೊಂಡು ಬಂದ ಕೂಡಲೇ ನನ್ನ ಕಾಲು ತಾನಾಗಿ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿಯುತ್ತಿತ್ತು. ಅವಳು ದಾಟಿ ಹೋಗುವಳು. ಮತ್ತೆ ಮತ್ತೆ ಹಾಗೇ ಆಯಿತು. ನಮಗೆ ಬಿದ್ದ ಎರಡು ಗೋಲೂ ನನ್ನ ಕಡೆಯಿಂದಲೇ.

ಹಾಫ್‌ಟೈಮಿನಲ್ಲಿ ಸರ್ ನಿಂಬೆ ಹಣ್ಣು ಹಂಚುತ್ತಾ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತರು.

"ಕಾಲಿನ ವೇಗ ಹೋಗಿದೆ, ಅದು ನನಗೆ ಅರ್ಥ ಆಗುತ್ತೆ. ಆದ್ರೆ ನೀನು ದಾರಿ ಬಿಡ್ತಿದ್ದೀಯ ಹನು. ಯಾವಾಗಿಂದ ಇಂಗಾದೆ?"

ನಾನು ಇಲ್ಲ ಸಾರ್ ಅಂದೆ. ನಿಜವಾಗಿ ನನಗೆ ಹಾಗೆ ಮಾಡುತ್ತಿದ್ದೇನೆ ಅಂತಲೇ ಗೊತ್ತಿರಲಿಲ್ಲ.

ಎರಡನೇ ಅರ್ಧದಲ್ಲಿ ಸ್ಟೆಲ್ಲಾ ಮತ್ತೆ ಬಂದಳು. ಈ ಸಲ ನನ್ನ ಪಾದಗಳನ್ನೇ ನೋಡಿಕೊಂಡೆ. ಕಾಲು ಸರಿಯಲು ಹೊರಟಿದ್ದನ್ನು ಕಂಡೆ. ನೆಲಕ್ಕೆ ಊರಿ ನಿಂತೆ. ಅವಳ ಭುಜ ನನ್ನ ಎದೆಗೆ ಬಂದು ಬಡಿಯಿತು, ಇಬ್ಬರೂ ಬಿದ್ದೆವು, ಚೆಂಡು ಗೆರೆಯಾಚೆ ಹೋಯಿತು. ಮಣ್ಣು ಬಾಯಿಗೆ ಬಂತು. ಅವಳು ಎದ್ದು ನನ್ನ ಕೈ ಹಿಡಿದು ಎಳೆದು ನಿಲ್ಲಿಸಿ, "ಇದಕ್ಕೇ ಕಾಯ್ತಿದ್ದೆ" ಅಂದಳು. ಆಮೇಲೆ ಸ್ವಲ್ಪ ಹೊತ್ತು ಹಳೆಯ ಆಟ ಆಡಿದೆ. ಎರಡು ಸಲ ಅವಳ ಕಾಲಿಂದ ಚೆಂಡು ತೆಗೆದೆ. ಶಿಳ್ಳೆ ಹಾಕುತ್ತಿದ್ದವರು ಈಗ ಚೆಂಡಿಗೆ ಶಿಳ್ಳೆ ಹಾಕುತ್ತಿದ್ದರು, ಚಡ್ಡಿಗೆ ಅಲ್ಲ.

ಆಟ ಮುಗಿಯಲು ಇನ್ನೂ ಹೊತ್ತಿತ್ತು. ಉದ್ದಕ್ಕೆ ಹೋದ ಒಂದು ಚೆಂಡಿನ ಹಿಂದೆ ಇಬ್ಬರೂ ಬಿದ್ದೆವು. ಎಲ್ಲ ಬಲ ಹಾಕಿ ಚಿಮ್ಮಿದೆ. ತೊಡೆಯ ಹಿಂದೆ ಯಾರೋ ಕಲ್ಲಲ್ಲಿ ಹೊಡೆದ ಹಾಗಾಯಿತು. ತಿರುಗಿ ನೋಡಿದೆ, ಹಿಂದೆ ಯಾರೂ ಇರಲಿಲ್ಲ. ಅಲ್ಲೇ ಕುಸಿದು ಕೂತೆ. ಮಾಂಸ ಹರಿದಿದೆ ಅಂತ ಸರ್ ಮುಟ್ಟಿದ ಕೂಡಲೇ ಹೇಳಿದರು.

ಆಗ ಅಪ್ಪನನ್ನು ನೋಡಿದೆ. ಜನರನ್ನು ತಳ್ಳಿಕೊಂಡು ಮುಂದಕ್ಕೆ ಓಡಿ ಬಂದಿದ್ದ. ಸುಣ್ಣದ ಗೆರೆಯ ಹತ್ತಿರ ಬಂದವನು ಅಲ್ಲೇ ನಿಂತುಬಿಟ್ಟ. ಟವೆಲನ್ನು ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು, ನಾನು ಬಿದ್ದಿರುವ ಕಡೆ ನೋಡುತ್ತಾ, ಕಾಲ್ಬೆರಳುಗಳನ್ನು ಗೆರೆಗೆ ತಾಗದ ಹಾಗೆ ಹಿಂದಕ್ಕೆ ಮಡಿಸಿಕೊಂಡು ನಿಂತಿದ್ದ. ನಾನು ಕೈ ಬೀಸಿ ಕರೆದೆ. ಬರಲಿಲ್ಲ. ಸ್ಟೆಲ್ಲಾ ಹೋಗಿ, "ಬನ್ನಿ ಅಪ್ಪಾ" ಅಂತ ಅವನ ಕೈ ಹಿಡಿದು ಒಳಗೆ ಕರೆದುಕೊಂಡು ಬಂದಳು.

ಪಕ್ಕದಲ್ಲಿ ಕೂತು ನನ್ನ ಕಾಲು ನೀವುತ್ತಾ ಅಪ್ಪ ಹೇಳಿದ, "ದಾಟ್ಬೋದೋ ಇಲ್ವೋ ಗೊತ್ತಾಗ್ಲಿಲ್ಲ ಕಣವ್ವ. ಅದ್ಕೇ ಅಲ್ಲೇ ನಿಂತ್ಕಂಬುಟ್ಟೆ."

ನೋವಿಗೆ ಅಳುತ್ತಿದ್ದೇನೆ ಅಂತ ಎಲ್ಲರೂ ಅಂದುಕೊಂಡರು.

೨೨ ಸೆಪ್ಟೆಂಬರ್, ಸೋಮವಾರ

ಹೆಸರು ಓದಿದರು. ನನ್ನದು ಇಲ್ಲ. ಗೊತ್ತಿದ್ದದ್ದೇ.

ಆಮೇಲೆ ಸರ್ ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಬಂದರು. ಗಾಯ ಮಾಗಲು ಒಂದು ತಿಂಗಳಿಗಿಂತ ಹೆಚ್ಚು ಬೇಕು, ಅಲ್ಲಿವರೆಗೆ ಓಡಬೇಡ ಅಂದರು. ಆಡದೆ ಕಳೆದದ್ದು ಆಡಿದರೆ ಮಾತ್ರ ಬರುತ್ತದೆ, ಒಂದು ಮ್ಯಾಚಿನಲ್ಲಿ ಬರುವುದಲ್ಲ, ಮೊದಲು ಸ್ವಲ್ಪ ಹೊತ್ತು, ಆಮೇಲೆ ಅರ್ಧ, ಆಮೇಲೆ ಪೂರ್ತಿ. ಭಾನುವಾರ ಬಾ. ಪೂರ್ತಿ ಮೊದಲಿನ ಹಾಗೆ ಆಗುತ್ತೇನಾ ಸಾರ್ ಅಂತ ಕೇಳಿದೆ. ಅವರು ಸುಳ್ಳು ಹೇಳಲಿಲ್ಲ. ಗೊತ್ತಿಲ್ಲ ಕಣಮ್ಮ ಅಂದರು.

ಪಾವಗಡ, ೨೬ ಸೆಪ್ಟೆಂಬರ್, ಶುಕ್ರವಾರ

ಕುಂಟುವುದನ್ನು ನೋಡಿ ಕೊಲ್ಲಾಪುರಮ್ಮ ಏನಾಯಿತು ಅಂತ ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತಿನ ಮೇಲೆ ಹರಳೆಣ್ಣೆ ಬಿಸಿ ಮಾಡಿ ತಂದು ನನ್ನ ಹೊಸ್ತಿಲ ಆಚೆ ಇಟ್ಟು ಹೋದರು. ಬಟ್ಟಲು ಇನ್ನೂ ಬೆಚ್ಚಗಿತ್ತು. ಒಬ್ಬಳೇ ಹಿಂದೆ ತಿರುಗಿ ಹಚ್ಚಿಕೊಳ್ಳುವುದು ಕಷ್ಟ, ಹೇಗೋ ಹಚ್ಚಿಕೊಂಡೆ.

೧೪ ನವೆಂಬರ್, ಶುಕ್ರವಾರ

ಮಕ್ಕಳ ದಿನಾಚರಣೆ ಮುಗಿದ ಮೇಲೆ ಹೆಡ್‌ಮಾಸ್ಟರ್ ಹತ್ತಿರ ಹೋದೆ. ಇಬ್ಬರು ಕೂತಿದ್ದರು. ಅವರು ಏಳಲಿ ಅಂತ ಕಾಯಲಿಲ್ಲ. ಶನಿವಾರ ಬೆಳಗಿನ ಕೊನೆಯ ಪೀರಿಯಡ್ ಬಿಟ್ಟುಕೊಡಿ ಸಾರ್, ಬದಲಿಗೆ ದಿನಾ ಸಂಜೆ ಹುಡುಗಿಯರನ್ನು ಆಡಿಸುತ್ತೇನೆ, ನಾನು ಬೆಂಗಳೂರಿಗೆ ಫುಟ್‌ಬಾಲ್ ಆಡಲು ಹೋಗಬೇಕು ಅಂದೆ. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, "ಇಷ್ಟು ದಿನ ಯಾಕಮ್ಮ ಕೇಳಲಿಲ್ಲ?" ಅಂದರು.

ಶನಿವಾರದ ಟೈಮ್‌ಟೇಬಲನ್ನು ಅವರ ಮುಂದಕ್ಕೆ ಸರಿಸಿದೆ, ಆ ಪೀರಿಯಡ್ಡಿನ ಮೇಲೆ ಒಂದು ಗೀಟು ಎಳೆದರು.

೧ ಡಿಸೆಂಬರ್ ೧೯೮೦, ಸೋಮವಾರ

ನಿನ್ನೆ ಆಡಿದೆ. ಪೂರ್ತಿ ಅಲ್ಲ, ಕೊನೆಯ ಸ್ವಲ್ಪ ಹೊತ್ತು. ಸೋತೆವು. ಮೂರು ಸಲ ಓಡಿದ ಮೇಲೆ ಕಾಲು ಭಾರವಾಗಿ ನಿಂತುಬಿಟ್ಟೆ. ಹೊಸ ಹುಡುಗಿಯರು ನನ್ನನ್ನು ದಾಟಿ ಆರಾಮವಾಗಿ ಹೋದರು. ಟೂರ್ನಮೆಂಟಿಗೆ ಅವರೆಲ್ಲ ಮುಂದಿನ ವಾರ ಹೊರಡುತ್ತಾರೆ. ನನಗೆ ಸ್ಟೇಷನ್ನಿಗೂ ಹೋಗಲಾಗುವುದಿಲ್ಲ, ಅವತ್ತು ಸ್ಕೂಲಿದೆ.

ಬಸ್ಸಿನಲ್ಲಿ ಕುಲುಕಿಸಿಕೊಂಡು ಬಂದು ಇವತ್ತು ಎದ್ದು ನಿಲ್ಲಲೂ ಆಗುತ್ತಿಲ್ಲ. ಮೈ ತುಂಬ ಪೆಟ್ಟು. ಕೋಣೆಯಲ್ಲಿ ಒಬ್ಬಳೇ ಕೂತು ಒಂದೊಂದನ್ನೇ ಮುಟ್ಟಿ ನೋಡಿಕೊಂಡೆ. ಪಕ್ಕೆಯಲ್ಲಿರುವುದು ಸ್ಟೆಲ್ಲಾಳ ಮೊಣಕೈ. ಕಣಕಾಲಿನದು ಹೊಸ ಹುಡುಗಿ ಗಿರಿಯಮ್ಮನ ಬೂಟು, ಕ್ಷಮಿಸಿ ಅಕ್ಕಾ ಅಂತ ಕೇಳಿಯೂ ಕೇಳಿದಳು. ಹೆಗಲಿನದು ಗೋಲ್‌ಕೀಪರದು. ಮೊಣಕಾಲಿನ ಪಕ್ಕ ಒಂದು ನೀಲಿ ಗಂಟಿದೆ, ಅದು ಯಾರದೆಂದು ನೆನಪಾಗುತ್ತಿಲ್ಲ. ಮುಂದಿನ ಭಾನುವಾರ ಎಲ್ಲರನ್ನೂ ಕೇಳಬೇಕು.